ಘಾಟಿ ಇಳಿದ ಡಾಕ್ಟರು, ಪುಣೆಯಲ್ಲಿ ಉಳಿದ ಡಾಕ್ಟರು

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ನಾಲ್ಕು ಕನ್ನಡ ಜಿಲ್ಲೆಗಳಲ್ಲಿ 1957ರವರೆಗೆ ಒಂದೂ ಮೆಡಿಕಲ್ ಕಾಲೇಜು ಇರಲಿಲ್ಲ. ಡಾಕ್ಟರಾಗುವ ಆಸೆ ಹೊತ್ತ ಹುಡುಗ ಮನೆ ಬಿಟ್ಟು ಹೋಗಲೇಬೇಕಿತ್ತು. ಕಾರವಾರದ ಕಡೆಯವರು ಸ್ಟೀಮರ್ ಹತ್ತಿ ನೇರ ಮುಂಬಯಿ ಸೇರುತ್ತಿದ್ದರು. ಉಳಿದವರು ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ ಗಂಟು ಸಮೇತ ಮೀಟರ್‌ಗೇಜ್ ಗಾಡಿಯಲ್ಲಿ ಕೂತು ಮೀರಜ ದಾಟಿ ಪುಣೆ ಮುಟ್ಟುತ್ತಿದ್ದರು. ಅಲ್ಲಿಂದ ಮುಂದೆ ಎರಡು ದಾರಿ. ರೊಕ್ಕವೋ ಮಾರ್ಕೋ ಸಾಲದವರು ಪುಣೆಯಲ್ಲೇ ಇಳಿದು ಬಿ.ಜೆ. ಮೆಡಿಕಲ್ ಸ್ಕೂಲ್ ಸೇರಿ, ನಾಲ್ಕು ವರ್ಷ ಓದಿ ಎಲ್.ಸಿ.ಪಿ.ಎಸ್. ಎಂಬ ಲೈಸೆನ್ಸು ಪಡೆಯುತ್ತಿದ್ದರು. ಎರಡೂ ಇದ್ದವರು ಬ್ರಾಡ್‌ಗೇಜ್ ಗಾಡಿಗೆ ಬದಲಾಯಿಸಿ, ಲೋಣಾವಳಾ ದಾಟಿ, ಭೋರ್ ಘಾಟ್ ಇಳಿದು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಹೋಗಿ ಎಂ.ಬಿ.ಬಿ.ಎಸ್. ಆಗುತ್ತಿದ್ದರು. ಪುಣೆಯಲ್ಲಿ ಉಳಿದವನು, ಘಾಟಿ ಇಳಿದವನು ಇಬ್ಬರೂ ಊರಲ್ಲಿ ಡಾಕ್ಟರೇ. ಸರಕಾರದ ಕಡತದಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ಜಾತಿ.

ನಿವೃತ್ತಿಯಾದ ಮೇಲೆ ಮಗನ ನೌಕರಿಯ ಕಾರಣಕ್ಕೆ ಲೋಣಾವಳಾಕ್ಕೆ ಬಂದು ನೆಲೆಸಿದವನು ನಾನು. ಓದಿದ್ದು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಕೆ.ಎಂ.ಸಿ.ಯಲ್ಲಿ, ಅರವತ್ತರ ದಶಕದ ಕೊನೆಗೆ. ನನಗೆ ಓದಿಗಾಗಿ ಈ ಘಾಟಿ ಇಳಿಯುವ ಪ್ರಸಂಗ ಬರಲಿಲ್ಲ. ನನ್ನ ಕಾಕಾ ಮೂವತ್ತರ ದಶಕದಲ್ಲಿ ಪುಣೆಯಲ್ಲೇ ಉಳಿದು ಎಲ್.ಸಿ.ಪಿ.ಎಸ್. ಆದವರು. ಅವರ ಮತ್ತು ನನ್ನ ನಡುವಿನ ಮೂವತ್ತು ವರ್ಷಗಳಲ್ಲಿ ಏನೇನು ಬದಲಾಯಿತು, ಯಾರು ಗಳಿಸಿದರು, ಯಾರು ಕಳಕೊಂಡರು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ. ಅದನ್ನು ಕಂಡವರು ಈಗ ಹೆಚ್ಚು ಉಳಿದಿಲ್ಲ.

ಮೊದಲು ಈ ದಾರಿಯ ಕಥೆ. 1830ರಲ್ಲಿ ಗವರ್ನರ್ ಜಾನ್ ಮಾಲ್ಕಮ್ ಘಾಟಿಯ ರಸ್ತೆಯನ್ನು ತೆರೆದ. ರೈಲು ದಾರಿಯ ಕೆಲಸ ಶುರುವಾದದ್ದು 1856ರಲ್ಲಿ. ಸುಮಾರು 15 ಮೈಲಿಯಲ್ಲಿ 1,831 ಅಡಿ ಏರಬೇಕು, ನಡುವೆ 25 ಸುರಂಗ. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡದೆ ನಡೆಸಿದಳು. 1861ರ ಹೊತ್ತಿಗೆ ಇಲ್ಲಿ ದುಡಿಯುತ್ತಿದ್ದವರ ಸಂಖ್ಯೆ 40 ಸಾವಿರ ದಾಟಿತ್ತು. ಕಾಲರಾ, ಜ್ವರ, ಬಂಡೆ ಸಿಡಿತ ಇವುಗಳಿಂದ ಸತ್ತವರೆಷ್ಟು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೆಲವರು 25 ಸಾವಿರದವರೆಗೂ ಹೇಳುತ್ತಾರೆ. ಕೂಲಿಗಳ ಸಾವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲವಾದ್ದರಿಂದ ಈ ವಾದ ಬಗೆಹರಿಯುವಂಥದ್ದೂ ಅಲ್ಲ. 1863ರ ಏಪ್ರಿಲ್ 21ರಂದು ಗವರ್ನರ್ ಬಾರ್ಟಲ್ ಫ್ರೇರ್ ದಾರಿಯನ್ನು ಉದ್ಘಾಟಿಸಿದ. ಅಂದಿನಿಂದ ಖಂಡಾಳೆಯ ಹತ್ತಿರ ಗಾಡಿ ನಿಂತು, ಎಂಜಿನ್ನು ಹಿಂದಿನ ತುದಿಗೆ ಬಂದು, ದಿಕ್ಕು ಬದಲಾಯಿಸಿ ಮುಂದೆ ಹೋಗುತ್ತಿತ್ತು. 1929ರಲ್ಲಿ ದಾರಿಯನ್ನು ತಿದ್ದುವವರೆಗೂ ಮುಂಬಯಿಗೆ ಓದಲು ಹೋದ ನಮ್ಮ ಕಡೆಯ ಪ್ರತಿಯೊಬ್ಬ ಹುಡುಗನೂ ಈ ತಿರುವು ಮುರುವು ಕಂಡವನೇ.

ಅವನು ಹೋಗಿ ಸೇರುತ್ತಿದ್ದ ಗ್ರಾಂಟ್ ಕಾಲೇಜು ರೈಲಿಗಿಂತ ಹಳೆಯದು. ಅದನ್ನು ಕಟ್ಟಬೇಕೆಂದು ಹಟ ಹಿಡಿದಿದ್ದ ಗವರ್ನರ್ ರಾಬರ್ಟ್ ಗ್ರಾಂಟ್ 1838ರಲ್ಲಿ ಪುಣೆ ಬಳಿಯ ದಾಪೋಡಿಯಲ್ಲಿ ತೀರಿಕೊಂಡ. ಕಾಲೇಜು ಶುರುವಾದದ್ದು 1845ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಅವರ ದಾನದಿಂದ ಎದ್ದ ಜೆ.ಜೆ. ಆಸ್ಪತ್ರೆಯ ಜೊತೆ. ಮೊದಲ ತಂಡದ ಎಂಟು ಮಂದಿ 1851ರಲ್ಲಿ ಹೊರಬಂದರು. ಅವರಲ್ಲೊಬ್ಬರು ಭಾವು ದಾಜಿ ಲಾಡ್. ಅದಕ್ಕೂ ಮುಂಚೆ, 1826ರಿಂದ 1832ರವರೆಗೆ, ಮುಂಬಯಿಯಲ್ಲಿ ದೇಶೀ ಭಾಷೆಗಳಲ್ಲಿ ವೈದ್ಯ ಕಲಿಸುವ ಶಾಲೆಯೊಂದಿತ್ತು. ಅಲ್ಲಿಗಾಗಿ ಮರಾಠಿ, ಗುಜರಾತಿಯಲ್ಲಿ ಪುಸ್ತಕಗಳು ತಯಾರಾದವು. ಕನ್ನಡದ ಪಾಳಿ ಬರಲೇ ಇಲ್ಲ. ಗ್ರಾಂಟ್ ಕಾಲೇಜು ಹುಟ್ಟಿದ 1845ರಲ್ಲೇ ಧಾರವಾಡಕ್ಕೆ ಸರಕಾರ ಕೊಟ್ಟದ್ದು ಒಂದು ಹುಚ್ಚರ ಆಸ್ಪತ್ರೆ. ರೋಗಿಗಳನ್ನು ಇಡುವ ಜಾಗ ನಮ್ಮಲ್ಲಿ, ವೈದ್ಯರನ್ನು ತಯಾರಿಸುವ ಜಾಗ ಘಾಟಿಯ ಕೆಳಗೆ. ಈ ಏರ್ಪಾಡು ಮುಂದೆ ನೂರು ವರ್ಷ ನಡೆಯಿತು.

ರೈಲು ದಾರಿ ಹುಡುಗರನ್ನಷ್ಟೇ ಅಲ್ಲ, ರೋಗವನ್ನೂ ಸಾಗಿಸಿತು. 1896ರ ಸಪ್ಟೆಂಬರಿನಲ್ಲಿ ಡಾ. ಅಕಾಶಿಯೊ ವಿಯೆಗಾಸ್ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಅದು ಘಾಟಿ ಹತ್ತಿ ಪುಣೆಗೆ ಬಂತು. ಅಲ್ಲಿಂದ ಕನ್ನಡ ಜಿಲ್ಲೆಗಳಿಗೂ ಇಳಿಯಿತು. ಪುಣೆಯಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ ರ್‍ಯಾಂಡ್ ಎಂಬ ಅಧಿಕಾರಿಯನ್ನು 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಟ್ಟು ಹೊಡೆದರು. ಹುಬ್ಬಳ್ಳಿಯಲ್ಲಿ ನಡೆದದ್ದು ಬೇರೆ. ವಾಲ್ದೆಮರ್ ಹಾಫ್‌ಕಿನ್ ಗ್ರಾಂಟ್ ಕಾಲೇಜಿನ ಪ್ರಯೋಗಶಾಲೆಯಲ್ಲೇ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡಿದ್ದ. ಮರುವರ್ಷ, ಸುಮಾರು 50 ಸಾವಿರ ಜನರಿದ್ದ ಹುಬ್ಬಳ್ಳಿಯಲ್ಲಿ ಬಹುಪಾಲು ಮಂದಿ ಆ ಲಸಿಕೆ ಹಾಕಿಸಿಕೊಂಡರು. ದೇಶದಲ್ಲೇ ಆಗ ಅದೊಂದು ದೊಡ್ಡ ಪ್ರಯೋಗ. ಜನ ಮನಸಾರೆ ಮುಂದೆ ಬಂದರೋ, ಕಾರ್ಖಾನೆ, ಗಿರಣಿಗಳ ಧಣಿಗಳ ಒತ್ತಾಯಕ್ಕೆ ತೋಳು ಚಾಚಿದರೋ ಎಂಬ ಚರ್ಚೆ ಇನ್ನೂ ಇದೆ. ನನ್ನ ಮಟ್ಟಿಗೆ ಎರಡೂ ನಿಜವಿರಬೇಕು. ನಾಲ್ಕು ದಶಕ ಸೂಜಿ ಹಿಡಿದವನ ಅನುಭವ ಹೇಳುವುದಿಷ್ಟು: ಓಣಿಯಲ್ಲಿ ಹೆಣ ಏಳುತ್ತಿರುವಾಗ, ಪಕ್ಕದ ಮನೆಯವನು ಹಾಕಿಸಿಕೊಂಡು ಬದುಕಿದ್ದು ಕಂಡಾಗ, ಜನ ಸಾಲುಗಟ್ಟುತ್ತಾರೆ. ಆದರೆ ಆ ಸಾಲಿನ ಮುಂದೆ ಕೂತ ಡಾಕ್ಟರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ನಡುವೆ ದುಭಾಷಿ ನಿಂತಿರುತ್ತಿದ್ದ. ನಮ್ಮವರೇ ಡಾಕ್ಟರಾಗಬೇಕೆಂಬ ಮಾತಿಗೆ ನಮ್ಮ ಭಾಗದಲ್ಲಿ ಜೀವ ಬಂದದ್ದು ಪ್ಲೇಗಿನ ಆ ವರ್ಷಗಳಲ್ಲಿ ಎಂದು ಹಿರಿಯರು ಹೇಳುತ್ತಿದ್ದರು.

ಘಾಟಿ ಇಳಿದವರಿಗೂ ಅಲ್ಲಿ ಸುಖವಿರಲಿಲ್ಲ. ಗ್ರಾಂಟ್ ಕಾಲೇಜಿನ ಪ್ರಾಧ್ಯಾಪಕ ಪೀಠಗಳು ಇಂಡಿಯನ್ ಮೆಡಿಕಲ್ ಸರ್ವಿಸ್‌ನವರಿಗೆ, ಅಂದರೆ ಬಹುತೇಕ ಬಿಳಿಯರಿಗೆ ಮೀಸಲು. ಎಷ್ಟೇ ಜಾಣನಾದರೂ ಭಾರತೀಯ ವೈದ್ಯ ಅಲ್ಲಿ ಕೆಳಗಿನ ಹುದ್ದೆಯಲ್ಲೇ ಉಳಿಯಬೇಕು. ಇದರ ವಿರುದ್ಧದ ಸಿಟ್ಟು ಎರಡು ಕಾಲೇಜುಗಳನ್ನು ಕಟ್ಟಿತು. ಅಸಹಕಾರ ಚಳವಳಿಯ ಬಿಸಿಯಲ್ಲಿ 1921ರಲ್ಲಿ ನ್ಯಾಷನಲ್ ಮೆಡಿಕಲ್ ಕಾಲೇಜು ಎದ್ದಿತು. 1926ರಲ್ಲಿ ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆ, ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು ಬಾಗಿಲು ತೆರೆದವು. ಸೇಠ್ ಗೋರ್ಧನದಾಸ್ ಸುಂದರದಾಸ್ ಅವರ ಹಣ ಕೊಡುವಾಗ ಟ್ರಸ್ಟಿನವರು ಹಾಕಿದ ಷರತ್ತು ಒಂದೇ: ಕಲಿಸುವವರೆಲ್ಲ ಭಾರತೀಯರಾಗಿರಬೇಕು. ಡಾ. ಜೀವರಾಜ ಮೆಹತಾ ಮೊದಲ ಡೀನ್. ಸೊಲ್ಲಾಪುರದ ದ್ವಾರಕಾನಾಥ ಕೋಟಣೀಸರು ಕಲಿತದ್ದು ಇದೇ ಜಿ.ಎಸ್. ಕಾಲೇಜಿನಲ್ಲಿ. ಕನ್ನಡ ಮನೆಮಾತಿನವರು ಸಾವಿರಗಟ್ಟಲೆ ಇದ್ದ ಊರಿನಿಂದ ಹೊರಟು ಇದೇ ಘಾಟಿ ಇಳಿದ ಆ ತರುಣ 1938ರಲ್ಲಿ ಐವರು ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋದರು. ಯುದ್ಧಭೂಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲೇ ಕಣ್ಣು ಮುಚ್ಚಿದರು. ಈ ಘಾಟಿಯಲ್ಲಿ ಇಳಿದು ಹೋದವರಲ್ಲಿ ಅವರಷ್ಟು ದೂರ ನಡೆದವರು ಇನ್ನೊಬ್ಬರಿಲ್ಲ.

ಪುಣೆಯಲ್ಲಿ ಉಳಿದವರ ಪಾಡು ಇನ್ನೂ ಬಿಗಿಯಾಯಿತು. ಭಾರತದ ಪದವಿಗಳಿಗೆ ಕೊಡುತ್ತಿದ್ದ ಮನ್ನಣೆಯನ್ನು ಬ್ರಿಟನ್ನಿನ ವೈದ್ಯ ಮಂಡಳಿ 1930ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ಮಟ್ಟವನ್ನು ನಾವೇ ಕಾಯುತ್ತೇವೆಂದು ತೋರಿಸಲು 1933ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯ್ದೆ ಬಂತು. ಆ ಕಾಯ್ದೆ ಪದವೀಧರರನ್ನು ಮಾತ್ರ ತನ್ನ ತೆಕ್ಕೆಗೆ ತೆಗೆದುಕೊಂಡು ಲೈಸೆನ್ಸುದಾರರನ್ನು ಹೊರಗಿಟ್ಟಿತು. ದೇಶದಲ್ಲಿದ್ದ ಡಾಕ್ಟರರಲ್ಲಿ ಅವರೇ ಹೆಚ್ಚು. ಹಳ್ಳಿಗಳಲ್ಲಿ ಕಾಣಸಿಗುತ್ತಿದ್ದವರೂ ಬಹುತೇಕ ಅವರೇ.

ನನ್ನ ಕಾಕಾ ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದವಾಖಾನಿ ಇಟ್ಟವರು. ಮುಂದಿನ ಪಡಸಾಲೆಯಲ್ಲಿ ಒಂದು ಬಾಕು, ಒಂದು ಮೇಜು, ಹಿಂದೆ ಔಷಧಿಯ ಕಪಾಟು. ಕಂಪೌಂಡರ್ ಕಾಗದದ ಪಟ್ಟಿಯನ್ನು ಮಡಚಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಬಾಟಲಿಗೆ ಅಂಟಿಸುತ್ತಿದ್ದ. ಒಂದು ಹಲ್ಲು ಒಂದು ಹೊತ್ತಿನ ಔಷಧಿ. ಓದು ಬಾರದ ಮುದುಕಿಯೂ ಅದನ್ನು ನೋಡಿ ತಪ್ಪಿಲ್ಲದೆ ಕುಡಿಯುತ್ತಿದ್ದಳು. ಬಾಟಲಿ ಮನೆಯಿಂದಲೇ ತರಬೇಕು. ತರದವರಿಗೆ ಕಾಕಾನಿಂದ ಬೈಗುಳ, ಆಮೇಲೆ ಬಾಟಲಿ. ಸ್ಪಿರಿಟ್ ದೀಪದ ಮೇಲೆ ಗಾಜಿನ ಸಿರಿಂಜು ಕುದಿಯುತ್ತಿತ್ತು. ಸೂಜಿಯ ಮೊನೆ ಮೊಂಡಾದರೆ ಅವರೇ ಕಲ್ಲಿಗೆ ಮಸೆಯುತ್ತಿದ್ದರು. ಮಲೇರಿಯಾಕ್ಕೆ ಕ್ವಿನೈನ್, ಹೊಟ್ಟೆಗೆ ಮಿಕ್ಸ್‌ಚರ್, ಗಾಯಕ್ಕೆ ಟಿಂಚರ್. ಕೈಮೀರಿದ ಕೇಸನ್ನು ಚಕ್ಕಡಿಯಲ್ಲಿ ಮಲಗಿಸಿ, ರೈಲು ಹತ್ತಿಸಿ, ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಮೀರಜದ ಮಿಷನ್ ಆಸ್ಪತ್ರೆಗೆ ಕಳಿಸುತ್ತಿದ್ದರು. ನಮ್ಮ ಭಾಗದಲ್ಲಿ ‘ಮೀರಜಕ್ಕ ಒಯ್ದಾರ’ ಅಂದರೆ ಜಡ್ಡು ದೊಡ್ಡದು ಎಂದೇ ಅರ್ಥ. ಯಾವ ಕೇಸು ತನ್ನದು, ಯಾವುದು ತನ್ನದಲ್ಲ ಎಂಬ ತಿಳಿವು ಕಾಕಾನಿಗೆ ಇದ್ದಷ್ಟು ಸ್ಪಷ್ಟವಾಗಿ ನಾನು ಮುಂದೆ ಎಂ.ಡಿ. ಮಾಡಿದವರಲ್ಲೂ ಕಂಡದ್ದು ಕಡಿಮೆ.

ಆದರೂ ಬೀಗರ ಮನೆಯ ಮಾತುಕತೆಯಲ್ಲಿ ಯಾರೋ ಒಬ್ಬರು ‘ಬರೇ ಎಲ್.ಸಿ.ಪಿ.ಎಸ್. ಏನ್ರಿ?’ ಎಂದು ಕೇಳಿದ್ದನ್ನು ಕಾಕಾ ಸಾಯುವವರೆಗೂ ಮರೆಯಲಿಲ್ಲ.

ಪದವಿಯ ಈ ತಕ್ಕಡಿ ಎಷ್ಟು ಡೊಂಕು ಎನ್ನುವುದಕ್ಕೆ ಲೋಣಾವಳಾದಲ್ಲೇ ಒಂದು ಸಾಕ್ಷಿಯಿದೆ. ಜಗನ್ನಾಥ ಗಣೇಶ ಗುಣೆ, ಅಂದರೆ ಸ್ವಾಮಿ ಕುವಲಯಾನಂದರು, 1924ರಲ್ಲಿ ಇಲ್ಲಿ ಕೈವಲ್ಯಧಾಮ ಸ್ಥಾಪಿಸಿದರು. ಅವರ ಬಳಿ ಯಾವ ವೈದ್ಯಕೀಯ ಪದವಿಯೂ ಇರಲಿಲ್ಲ. ಆದರೆ ನೌಲಿ, ಉಡ್ಡಿಯಾನ ಎಂಬ ಯೋಗಕ್ರಿಯೆಗಳನ್ನು ಮಾಡುವಾಗ ಹೊಟ್ಟೆಯೊಳಗೆ ಏನಾಗುತ್ತದೆಂದು ಎಕ್ಸ್‌ರೇ ಮುಂದೆ ನಿಲ್ಲಿಸಿ ನೋಡಿದರು, ಒಳಗಿನ ಒತ್ತಡವನ್ನು ಪಾದರಸದ ಮಾಪಕದಿಂದ ಅಳೆದರು, ಕಂಡದ್ದನ್ನು ‘ಯೋಗ ಮೀಮಾಂಸಾ’ ಎಂಬ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಯೇಲ್ ವಿಶ್ವವಿದ್ಯಾಲಯದ ಕೋವೂರ್ ಬೆಹನನ್ ಅವರಲ್ಲಿ ಕಲಿತು ಹೋಗಿ 1937ರಲ್ಲಿ ಪುಸ್ತಕ ಬರೆದರು. ಪುಣೆಯಲ್ಲಿ ನಾಲ್ಕು ವರ್ಷ ಹೆಣ ಕೊಯ್ದು ಕಲಿತವರನ್ನು ಅರೆಡಾಕ್ಟರು ಎನ್ನುತ್ತಿದ್ದ ಕಾಲದಲ್ಲೇ ಇದು ನಡೆಯಿತು.

ನಿಜವಾದ ತಿರುವು ಬಂದದ್ದು 1946ರಲ್ಲಿ. ಮೂರು ವರ್ಷಗಳ ಹಿಂದೆ ನೇಮಕವಾಗಿದ್ದ ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ ಸುಮಾರು 47,500 ಡಾಕ್ಟರುಗಳು. ಅವರಲ್ಲಿ ಪದವೀಧರರು 17,654, ಲೈಸೆನ್ಸುದಾರರು 29,870. ಅಂದರೆ 6,300 ಜನಕ್ಕೆ ಒಬ್ಬ ವೈದ್ಯ, ಆ ಒಬ್ಬನೂ ಬಹುಶಃ ಪೇಟೆಯಲ್ಲಿ. ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ಸಮಿತಿಯ ಬಹುಮತ ಹೇಳಿತು: ಇನ್ನು ಒಂದೇ ದರ್ಜೆಯ ವೈದ್ಯ ಸಾಕು, ಲೈಸೆನ್ಸು ಕೋರ್ಸ್ ನಿಲ್ಲಲಿ. ಕೆಲವು ಸದಸ್ಯರು ಒಪ್ಪಲಿಲ್ಲ. ಇಷ್ಟು ಕೊರತೆ ಇರುವಾಗ ಮೂರರಲ್ಲಿ ಎರಡು ಪಾಲು ವೈದ್ಯರನ್ನು ಕೊಡುತ್ತಿರುವ ಶಾಲೆಗಳನ್ನು ಮುಚ್ಚಬೇಡಿ ಎಂದು ಭಿನ್ನಮತ ಬರೆದರು. ಅವರ ಮಾತು ನಡೆಯಲಿಲ್ಲ. ಅದೇ ವರ್ಷ ಪುಣೆಯ ಬಿ.ಜೆ. ಸ್ಕೂಲ್ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜಾಯಿತು. ಪದವಿಗಾಗಿ ಘಾಟಿ ಇಳಿಯುವ ಅಗತ್ಯ ಅಲ್ಲಿಗೆ ಮುಗಿಯಿತು. ಜೊತೆಗೆ ಕಾಕಾನಂಥವರು ಹುಟ್ಟುವುದೂ ಮುಗಿಯಿತು.

ಈ ನಿರ್ಧಾರದ ಬಗ್ಗೆ ಎರಡು ಪಕ್ಷಗಳಿವೆ. ಬಡವರಿಗೆ ಅರ್ಧ ಕಲಿತವನು, ಉಳ್ಳವರಿಗೆ ಪೂರಾ ಕಲಿತವನು ಎಂಬ ಭೇದ ಸ್ವತಂತ್ರ ದೇಶಕ್ಕೆ ಸಲ್ಲದು ಎಂಬುದು ಒಂದು. ಲೈಸೆನ್ಸುದಾರರ ಸಂಘವೇ ಈ ಭೇದ ಹೋಗಲೆಂದು ದಶಕಗಟ್ಟಲೆ ಹೋರಾಡಿತ್ತು. ಇನ್ನೊಂದು ಪಕ್ಷ ಹೇಳುವುದು, ಭೇದ ಹೋಗಲಿಲ್ಲ, ಹಳ್ಳಿಯ ಡಾಕ್ಟರು ಮಾತ್ರ ಹೋದ. ಅವನ ಖಾಲಿ ಜಾಗಕ್ಕೆ ಏನೂ ಕಲಿಯದವನು ಬಂದು ಕೂತ. ನಾನು ಎರಡನೆಯವರ ಕಡೆಯವನು. ಲೈಸೆನ್ಸುದಾರರು ಎಂ.ಬಿ.ಬಿ.ಎಸ್. ಆಗಲು ಕಿರು ಅವಧಿಯ ಕೋರ್ಸುಗಳು ಇದ್ದವು, ನಿಜ. ಆದರೆ ಅದಕ್ಕೆ ದವಾಖಾನಿಗೆ ಬೀಗ ಹಾಕಿ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ನಲವತ್ತರ ಹತ್ತಿರ ಬಂದವರು ಮತ್ತೆ ಹಾಸ್ಟೆಲ್ ಸೇರಬೇಕಿತ್ತು. ಕಾಕಾ ಅರ್ಜಿ ತರಿಸಿದರು, ತುಂಬಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗಿ ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ಮುಂದೆ ಅದಕ್ಕೆ ಕಿಮ್ಸ್ ಎಂಬ ಹೆಸರೂ ಬಂತು. ನಮಗೆ ಮಾತ್ರ ಅದು ಎಂದೆಂದಿಗೂ ಕೆ.ಎಂ.ಸಿ. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತನ್ನ ಕಾಲೇಜು ತೆರೆಯಿತು. ಏಕೀಕರಣದ ಫಲ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಸೇರಿದಾಗ ವಿದ್ಯಾನಗರದ ಸುತ್ತ ಇನ್ನೂ ಬಯಲು. ಹಿರಿಯರಿಂದ ಕೊಂಡ ಮೂಳೆಗಳ ಸೆಟ್ಟು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ. ಫಾರ್ಮಲಿನ್ ವಾಸನೆ ಕೈಗೆ ಹತ್ತಿ, ಮೊದಲ ವಾರ ಖಾನಾವಳಿಯಲ್ಲಿ ಚಮಚೆಯಿಂದ ಉಂಡವರು ನಾವು. ನಿಜವಾದ ಓದು ತೆರೆದುಕೊಂಡದ್ದು ವಾರ್ಡಿನಲ್ಲಿ. ಬೇರೆ ರಾಜ್ಯದಿಂದ ಬಂದ ಪ್ರಾಧ್ಯಾಪಕರು ಹಾಸಿಗೆಯ ಬಳಿ ನಿಂತರೆ ದುಭಾಷಿಗಳು ನಾವೇ. ನವಲಗುಂದದ ರೈತ ‘ಎದಿಯಾಗ ಕಲ್ಲ ಇಟ್ಟಂಗ ಆಕ್ಕೈತ್ರಿ’ ಅಂದದ್ದನ್ನು, ಹಾವೇರಿಯ ತಾಯಿ ‘ಕೂಸು ಕಣ್ಣ ಮ್ಯಾಲ ಮಾಡೇತಿ’ ಅಂದದ್ದನ್ನು ಇಂಗ್ಲಿಷಿಗೆ ತಂದು ಒಪ್ಪಿಸಬೇಕು. ಪ್ಲೇಗಿನ ಕಾಲದಲ್ಲಿ ಡಾಕ್ಟರಿಗೂ ರೋಗಿಗೂ ನಡುವೆ ನಿಂತಿದ್ದ ದುಭಾಷಿಯ ಜಾಗದಲ್ಲಿ ಈಗ ಡಾಕ್ಟರಾಗುವ ಹುಡುಗರೇ ನಿಂತಿದ್ದೆವು. ಕಾಕಾ ಪುಣೆಯಲ್ಲಿ ಮರಾಠಿಯಲ್ಲಿ ರೋಗಿಯನ್ನು ಕೇಳಲು ಕಲಿತವರು. ಊರಿಗೆ ಬಂದ ಮೇಲೂ ಜ್ವರ ನೋಡುವಾಗ ಅವರ ಬಾಯಲ್ಲಿ ಮೊದಲು ಮರಾಠಿ ಬರುತ್ತಿತ್ತು. ನಮಗೆ ಆ ಸುತ್ತು ತಪ್ಪಿತು. ಇನ್ನೊಂದು ದೊಡ್ಡ ಬದಲಾವಣೆ, ಹುಡುಗಿಯರು. ಮುಂಬಯಿಗೆ ಮಗಳನ್ನು ಕಳಿಸಲು ಒಪ್ಪದ ತಂದೆಯರು, ಹುಬ್ಬಳ್ಳಿಯಲ್ಲಿ ಅತ್ತೆಯದೋ ಸೋದರಮಾವನದೋ ಮನೆಯಿದೆ ಎಂಬ ಧೈರ್ಯಕ್ಕೆ ಒಪ್ಪಿದರು. ನಮ್ಮ ತರಗತಿಯ ಮುಂದಿನ ಸಾಲುಗಳಲ್ಲಿ ಕೂತಿದ್ದ ಆ ಹುಡುಗಿಯರು ಮುಂದೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಿಸಿದ ಹೆರಿಗೆಗಳನ್ನು ಎಣಿಸಿದವರಿಲ್ಲ.

ಆದರೆ ಕಾಲೇಜು ಊರಿಗೆ ಬಂದಿತೇ ಹೊರತು ಡಾಕ್ಟರು ಹಳ್ಳಿಗೆ ಬರಲಿಲ್ಲ. ಅಮೆರಿಕ 1965ರಲ್ಲಿ ವಲಸೆ ಕಾಯ್ದೆ ಸಡಿಲಿಸಿತು. ಬ್ರಿಟನ್ನಿನ ಆಸ್ಪತ್ರೆಗಳಿಗೂ ಕೈ ಬೇಕಿತ್ತು. ನನ್ನ ಗೆಳೆಯರಲ್ಲಿ ಜಾಣರಾದವರು ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ, ಪುಣೆಯಲ್ಲಿ ಬದಲಾಯಿಸಿ, ಇದೇ ಘಾಟಿ ಇಳಿದು ಸಾಂತಾಕ್ರೂಜ್‌ನಲ್ಲಿ ವಿಮಾನ ಏರಿದರು. ಅವರನ್ನು ನಾನು ದೂರುವುದಿಲ್ಲ. ಅವರು ಕಳಿಸಿದ ದುಡ್ಡಿನಿಂದ ಎಷ್ಟೋ ತಮ್ಮಂದಿರು ಓದಿದರು, ತಂಗಿಯರ ಮದುವೆಯಾದವು. ನಾನು ಸರಕಾರಿ ನೌಕರಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಸವೆದೆ. ಮೊದಲ ಕೇಂದ್ರದಲ್ಲಿ ಐದೂವರೆ ವರ್ಷದ ಓದು ಕೈಯಲ್ಲಿದ್ದರೂ ಸ್ಟೋರಿನಲ್ಲಿ ಔಷಧಿ ಇರಲಿಲ್ಲ. ಇದ್ದುದರಲ್ಲೇ ಮಿಕ್ಸ್‌ಚರ್ ಮಾಡುವುದನ್ನು ರಜೆಗೆ ಹೋದಾಗ ಕಾಕಾ ಕಲಿಸಿದರು. ಕಾಗದದ ಹಲ್ಲು ಕತ್ತರಿಸುವುದನ್ನೂ.

ಹಳೆಯ ವಾದ ಈಗಲೂ ಮತ್ತೆ ಮತ್ತೆ ಏಳುತ್ತದೆ. ಕರ್ನಾಟಕ ಸರಕಾರ 2012ರಲ್ಲಿ ವೈದ್ಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿ ಹುಡುಗರು ಕೋರ್ಟಿಗೆ ಹೋದರು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು, ಪೂರ್ಣ ಪದವಿಯಿಲ್ಲದ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಮಿತಿಯೊಳಗೆ ಔಷಧಿ ಬರೆಯುವ ಲೈಸೆನ್ಸು ಕೊಡಬಹುದೆಂದಿತು. ದೇಶದ ತುಂಬ ಡಾಕ್ಟರುಗಳು ಮುಷ್ಕರ ಹೂಡಿದರು. ನಮ್ಮ ಬ್ಯಾಚಿನ ಗೆಳೆಯರು ವಿರೋಧದ ಮನವಿಗೆ ನನ್ನ ಸಹಿಯನ್ನೂ ಕೇಳಿದರು.

ನಾನು ಹಾಕಲಿಲ್ಲ. ಕಾಕಾನ ಊರಲ್ಲಿ ಇಂದು ರಾತ್ರಿ ಹೊತ್ತು ಒಬ್ಬ ಡಾಕ್ಟರೂ ಇರುವುದಿಲ್ಲ; 108ಕ್ಕೆ ಫೋನು ಮಾಡಿ ಕಾಯಬೇಕು. ಆ ಕಲಮು ಇದ್ದಂತೆಯೇ ಬರಲಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ವರ್ಷ ಓದು, ಯಾವ ಆಸ್ಪತ್ರೆಯ ಕೈಕೆಳಗೆ ಕೆಲಸ ಎಂಬುದನ್ನು ಅದು ಬಿಡಿಸಿ ಹೇಳಿಲ್ಲ. ಪುಣೆಯ ಆ ಶಾಲೆಯಂತೆ ನಾಲ್ಕು ವರ್ಷ ಗಟ್ಟಿಯಾಗಿ ಕಲಿಸಲಿ, ಪ್ರತಿಯೊಬ್ಬನಿಗೂ ಒಂದು ಮೀರಜವನ್ನು ಗೊತ್ತು ಮಾಡಿ ಕೊಡಲಿ, ಮುಂದೆ ಓದಬೇಕೆಂದವನು ದವಾಖಾನಿಗೆ ಬೀಗ ಹಾಕದೆ ಓದುವಂತಾಗಲಿ ಎಂದು ಗೆಳೆಯರಿಗೆ ಕನ್ನಡದಲ್ಲೇ ನಾಲ್ಕು ಪುಟ ಬರೆದು ಕಳಿಸಿದೆ. ಇಬ್ಬರು ಉತ್ತರ ಬರೆದರು. ಒಬ್ಬರು ಒಪ್ಪಿಲ್ಲ, ಒಬ್ಬರು ಒಪ್ಪಿದ್ದಾರೆ. ಒಪ್ಪಿದವರ ತಂದೆಯೂ ಎಲ್.ಸಿ.ಪಿ.ಎಸ್.